ಕತ್ತರಿ ಹಾಕುವ ಮುನ್ನ: ಹಳೆಯ ಉಡುಪುಗಳೊಂದಿಗೆ ನನ್ನ ಅನುಭವ

ನೂರು ವರ್ಷ ದಾಟಿದ ಉಡುಪುಗಳನ್ನು ದುರಸ್ತಿ ಮಾಡುವುದು, ಇಂದಿನವರು ತೊಡುವಂತೆ ಅವುಗಳ ಅಳತೆ ತಿದ್ದುವುದು, ಕೆಲವೊಮ್ಮೆ ಅದೇ ಬಟ್ಟೆಯಿಂದ ಬೇರೊಂದನ್ನು ಹೊಲಿಯುವುದು ನನ್ನ ಕಸುಬು. ಈ ಕೆಲಸ ಮಾಡುವವರು ಎರಡೂ ಕಡೆಯ ಮಾತು ಕೇಳಬೇಕಾಗುತ್ತದೆ. ಸಂರಕ್ಷಣೆಯ ಪರವಾಗಿರುವವರಿಗೆ ಹಳೆಯ ಉಡುಪಿಗೆ ಕತ್ತರಿ ತಾಗಿಸುವುದೇ ಅಪರಾಧ; ಮರುಬಳಕೆಯ ಪರವಾಗಿರುವವರು, ಯಾರೂ ತೊಡದೆ ಪೆಟ್ಟಿಗೆಯಲ್ಲಿ ಲಡ್ಡಾಗುವ ಬಟ್ಟೆಯಿಂದ ಯಾರಿಗೆ ಉಪಯೋಗ ಎಂದು ಕೇಳುತ್ತಾರೆ. ನಾನು ಇದನ್ನು ಉಡುಪಿನ ಅಂದದಿಂದಾಗಲಿ ಬೆಲೆಯಿಂದಾಗಲಿ ತೀರ್ಮಾನಿಸುವುದಿಲ್ಲ. ಆ ಉಡುಪು ತಿಳಿಸುವ ಸಂಗತಿಯನ್ನು ಉಳಿದಿರುವ ಬೇರೆ ಉಡುಪುಗಳು ತಿಳಿಸಬಲ್ಲವೇ ಎಂದು ನೋಡಿ ತೀರ್ಮಾನಿಸುತ್ತೇನೆ.

ಆ ಸಂಗತಿ ಹೆಚ್ಚಾಗಿ ಇರುವುದು ಒಳಮೈಯಲ್ಲಿ. ಆದ್ದರಿಂದ ಯಾವ ಉಡುಪು ಬಂದರೂ ಮೊದಲು ಒಳಮಗ್ಗುಲು ಮೇಲೆ ಮಾಡಿ ಮೇಜಿನ ಮೇಲೆ ಹರಡುತ್ತೇನೆ. ನನ್ನ ಕೈಗೆ ಬಂದಿದ್ದ ನೇರಳೆ ಬಣ್ಣದ ಉಣ್ಣೆಯ ಕುಪ್ಪಸವೊಂದನ್ನೇ ನೋಡಿ. ಹೊರಗಿನ ಬಣ್ಣ ಬೆಳಕಿಗೆ ಮಾಸಿ ಕಂದುಗಟ್ಟಿತ್ತು. ಪಕ್ಕದ ಹೊಲಿಗೆಯ ಉದ್ದಕ್ಕೂ ಮಾತ್ರ ಬೆರಳಗಲದ ಪಟ್ಟಿಯೊಂದು ಗಾಢ ನೇರಳೆಯಾಗಿಯೇ ಉಳಿದಿತ್ತು. ಅಂದರೆ ಆ ಪಟ್ಟಿ ಬಹುಕಾಲ ಹೊಲಿಗೆಯೊಳಗೆ ಮಡಿಚಿಕೊಂಡಿದ್ದು, ಯಾರೋ ಬಿಚ್ಚಿ ಅಗಲ ಮಾಡಿದ ಮೇಲೆ ಹೊರಗೆ ಬಂದಿತ್ತು. ಅದರ ಪಕ್ಕದಲ್ಲಿ ಹಳೆಯ ಸೂಜಿತೂತುಗಳ ಎರಡು ಸಾಲುಗಳಿದ್ದವು. ಉದ್ದನೆಯ ಹೊಲಿಗೆಗಳೆಲ್ಲ ಯಂತ್ರದವು, ಕಾಜಾಗಳು ಕೈಯವು. ಕಂಕುಳಿನ ಬಳಿ ಬೆವರಿಗೆ ಹಾಳಾದ ಅಸ್ತರನ್ನು ತೆಗೆದು ಬೇರೆ ಬಟ್ಟೆಯನ್ನು ಬೇರೆಯದೇ ಕೈ ಹೊಲಿದಿತ್ತು. ತೊಟ್ಟವಳ ಮೈ ಬದಲಾದದ್ದು, ಹೊಸದು ಹೊಲಿಸುವ ಬದಲು ಇದ್ದುದನ್ನೇ ಅವಳು ತಿದ್ದಿಕೊಂಡದ್ದು, ಎಲ್ಲವೂ ಅಲ್ಲಿ ಓದಲು ಸಿಗುತ್ತಿತ್ತು. ಹಬೆಯ ಇಸ್ತ್ರಿಯನ್ನು ಒಮ್ಮೆ ಆಡಿಸಿದರೆ ಉಣ್ಣೆಯ ಎಳೆಗಳು ಉಬ್ಬಿಕೊಂಡು ಆ ತೂತುಗಳು ಮುಚ್ಚಿಹೋಗುತ್ತವೆ. ಒಳಗೆ ಬಿಟ್ಟಿದ್ದ ಅಂಚನ್ನು ಚೊಕ್ಕವಾಗಲೆಂದು ಕತ್ತರಿಸಿದರೆ ಆ ನೇರಳೆ ಪಟ್ಟಿಯೂ ಇಲ್ಲವಾಗುತ್ತದೆ.

ಹಾಗೆಂದು ಉಡುಪನ್ನು ಮಾರ್ಪಡಿಸುವುದು ನಮ್ಮ ಕಾಲದವರು ಹುಟ್ಟಿಹಾಕಿದ ಅಭ್ಯಾಸವಲ್ಲ. ಕೂಲಿಗಿಂತ ಬಟ್ಟೆಯೇ ದುಬಾರಿಯಾಗಿದ್ದ ಕಾಲದಲ್ಲಿ ಬಿಚ್ಚಿ ಹೊಲಿಯುವುದೇ ರೂಢಿಯಾಗಿತ್ತು. 18ನೇ ಶತಮಾನದ ಯುರೋಪಿನ ಗೌನುಗಳಲ್ಲಿ ಬೆಲೆಬಾಳುವ ರೇಷ್ಮೆಯನ್ನು ಕತ್ತರಿಸದೆ ಮಡಿಕೆಗಳಾಗಿ ಕೂರಿಸಿ, ಮುಂದೆ ಬಿಚ್ಚಲು ಸುಲಭವಾಗುವಂಥ ಉದ್ದ ಹೊಲಿಗೆಗಳನ್ನು ಹಾಕಿರುವುದನ್ನು ಕಾಣಬಹುದು. ಅಂಥ ಎಷ್ಟೋ ರೇಷ್ಮೆಗಳನ್ನು 1840ರ ದಶಕದಲ್ಲಿ ಆ ಕಾಲದ ಮಾದರಿಗೆ ತಿದ್ದಿ ಹೊಲಿದುಕೊಂಡರು. ಅಂಥದ್ದೊಂದು ಉಡುಪು ಬಂದಾಗ ಅದನ್ನು ‘ಮೂಲರೂಪ’ಕ್ಕೆ ತರಬೇಕೆಂದು ಕೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ, ಏಕೆಂದರೆ ನಡುವೆ ತಿದ್ದಿದವಳ ಕೈಕೆಲಸವೂ ಈಗ ಚರಿತ್ರೆಯೇ ಆಗಿದೆ. ಆದರೆ ಅವಳಿಗೂ ನನಗೂ ಇರುವ ವ್ಯತ್ಯಾಸವನ್ನು ಮರೆಯಲಾಗದು. ಅವಳ ಎದುರಿಗೆ ಅಂಥ ರೇಷ್ಮೆ ಬೇಕಾದಷ್ಟಿತ್ತು, ಮತ್ತು ಅವಳಿಗೆ ತೊಡಲು ಬಟ್ಟೆ ಬೇಕಿತ್ತು. ನನ್ನ ಬಳಿಗೆ ಬರುವವರಿಗೆ ತೊಡಲು ಬೇರೆ ಬಟ್ಟೆ ಇದೆ.

ಈ ಕಾರಣದಿಂದಲೇ ನನ್ನ ನಿರ್ಧಾರಗಳು ಹಲವರಿಗೆ ತಲೆಕೆಳಗಾಗಿ ಕಾಣುತ್ತವೆ. ಮದುವೆಯ ಉಡುಪುಗಳನ್ನೂ ಸಿರಿವಂತರ ರೇಷ್ಮೆಗಳನ್ನೂ ಜನ ಜತನದಿಂದ ಎತ್ತಿಟ್ಟರು, ಸಂಗ್ರಹಾಲಯಗಳಿಗೂ ಅವೇ ಹೆಚ್ಚಾಗಿ ಸೇರಿದವು. ದುಡಿಯುವವರ ಬಟ್ಟೆ ಮಾತ್ರ ತೇಪೆಯ ಮೇಲೆ ತೇಪೆ ಬಿದ್ದು, ಕೊನೆಗೆ ಒರೆಸುವ ಚಿಂದಿಯಾಗಿ ಮುಗಿದುಹೋಯಿತು. ಕೆಲಸಗಾರನೊಬ್ಬನ ಹಳೆಯ ಕೋಟನ್ನು ತಂದು, ಅದರ ತೇಪೆಗಳು ಚೆನ್ನಾಗಿ ಕಾಣುವಂತೆ ಕೈಚೀಲ ಮಾಡಿಕೊಡಿ ಎಂದವರಿಗೆ ನಾನು ಆಗುವುದಿಲ್ಲ ಎಂದೆ. ಅದರ ಮೊಣಕೈಯಲ್ಲಿ ಮೂರು ಬಗೆಯ ಬಟ್ಟೆಯ ತೇಪೆಗಳು ಒಂದರ ಮೇಲೊಂದು ಇದ್ದವು, ಬಲ ಹೆಗಲು ಎಡಕ್ಕಿಂತ ಹೆಚ್ಚು ಸವೆದಿತ್ತು. ಅಂಥ ಕೋಟು ಇನ್ನೊಂದು ಸಿಗುವುದು ಕಷ್ಟ. ತೇಪೆಯ ಚೀಲ ಬೇಕಿದ್ದರೆ ಹೊಸ ಬಟ್ಟೆಯಲ್ಲಿ ಹೊಲಿದುಕೊಡುತ್ತೇನೆಂದೆ, ಅವರು ಒಪ್ಪಿಕೊಂಡರು. ಅದೇ 19ನೇ ಶತಮಾನದ ಕೊನೆಯ ಮತ್ತು 20ನೆಯದರ ಮೊದಲ ದಶಕಗಳ ಬಿಳಿ ಹತ್ತಿಯ ಒಳಲಂಗ ಬಂದರೆ, ಯಂತ್ರದ ಲೇಸು ಎಷ್ಟೇ ಮುದ್ದಾಗಿದ್ದರೂ ಅಳತೆ ತಿದ್ದಿಕೊಡಲು ನನಗೆ ಅಳುಕಿಲ್ಲ. ಅಂಥವು ಸಾಕಷ್ಟು ಉಳಿದಿವೆ, ಆ ಹತ್ತಿಯೂ ಗಟ್ಟಿ.

ತಿದ್ದುವಾಗಲೂ ಮುಂದೊಬ್ಬರು ನನ್ನ ಕೆಲಸವನ್ನು ಬಿಚ್ಚಿ ಹಿಂದಿನ ಸ್ಥಿತಿಗೆ ತರುವಂತಿರಬೇಕು. ಕಿರಿದು ಮಾಡಬೇಕಾದಲ್ಲಿ ಕತ್ತರಿಸದೆ ಒಳಕ್ಕೆ ಮಡಿಚಿ ಕೈಯಲ್ಲಿ ಹೊಲಿಯುತ್ತೇನೆ. ಅಗಲ ಮಾಡಬೇಕಾದಲ್ಲಿ ಹೊಸ ಬಟ್ಟೆಯ ಪಟ್ಟಿ ಸೇರಿಸುತ್ತೇನೆ; ಅದು ಹೊಸದೆಂದು ಒಳಗಿನಿಂದ ನೋಡಿದವರಿಗೆ ತಿಳಿಯಬೇಕು. ದಾರ ಯಾವಾಗಲೂ ಬಟ್ಟೆಗಿಂತ ದುರ್ಬಲವಾಗಿರಬೇಕು. ಗಟ್ಟಿ ಪಾಲಿಯೆಸ್ಟರ್ ದಾರದಲ್ಲಿ ಹೊಲಿದರೆ ಎಳೆತ ಬಿದ್ದಾಗ ಹರಿಯುವುದು ನೂರು ವರ್ಷದ ಬಟ್ಟೆ. ತೆಳುವಾದ ಹತ್ತಿ ದಾರವಾದರೆ ದಾರವೇ ತುಂಡಾಗಿ ಬಟ್ಟೆ ಉಳಿಯುತ್ತದೆ. ತೆಗೆದ ಗುಂಡಿ, ಹುಕ್ಕು, ಅಸ್ತರಿನ ಚೂರುಗಳನ್ನು, ಎಲ್ಲಿಂದ ತೆಗೆದದ್ದೆಂದು ಬರೆದು, ಉಡುಪಿನ ಜೊತೆಗೇ ಮರಳಿಸುತ್ತೇನೆ. ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಿನ ಗುಂಡಿಗಳನ್ನು ಮಾತ್ರ ಬೇರೆಯಾಗಿಯೇ ಇಡಿಸುತ್ತೇನೆ, ಏಕೆಂದರೆ ಅವು ಹಳತಾದಂತೆ ಬಿಡುವ ಆಮ್ಲದ ಆವಿ ಪಕ್ಕದ ಬಟ್ಟೆಯನ್ನು ತಿನ್ನುತ್ತದೆ.

ಮಾತಿಗೇ ಆಸ್ಪದವಿಲ್ಲದ ಉಡುಪುಗಳೂ ಇವೆ. ಕಚ್ಚಾ ರೇಷ್ಮೆಯ ಅಂಟನ್ನು ತೆಗೆದಾಗ ಅದರ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಇಳಿಯುತ್ತದೆ. 19ನೇ ಶತಮಾನದ ಉತ್ತರಾರ್ಧದಿಂದ 20ನೆಯದರ ಆರಂಭದವರೆಗೆ ತಯಾರಕರು ಆ ನಷ್ಟ ತುಂಬಲು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಭಾರ ಬರಿಸಲು, ರೇಷ್ಮೆಗೆ ತವರದ ಲವಣಗಳನ್ನು ಕುಡಿಸುತ್ತಿದ್ದರು. ಹೊಸದರಲ್ಲಿ ಭಾರವಾಗಿ ಸರಸರ ಸದ್ದು ಮಾಡುತ್ತಿದ್ದ ಆ ರೇಷ್ಮೆ ಈಗ ಮಡಿಕೆಯಿದ್ದಲ್ಲೆಲ್ಲ ನೆಟ್ಟಗೆ ಸೀಳುತ್ತದೆ, ಮುಟ್ಟಿದರೆ ಪುಡಿಯಾಗುತ್ತದೆ. ಇದನ್ನು ಹಿಂದಕ್ಕೆ ತರುವ ಉಪಾಯವಿಲ್ಲ. ಅಜ್ಜಿಯ ಉಡುಪನ್ನು ಒಂದೇ ಒಂದು ದಿನ ತೊಡುತ್ತೇನೆಂದು ಕೇಳುವವರಿಗೆ, ಅವರ ಮನಸ್ಸು ನೋಯುತ್ತದೆಂದು ಗೊತ್ತಿದ್ದೂ, ನಾನು ಇಲ್ಲವೆನ್ನುತ್ತೇನೆ. ಅಳತೆ ತೆಗೆದು ಅದೇ ಮಾದರಿಯಲ್ಲಿ ಹೊಸ ರೇಷ್ಮೆಯಲ್ಲಿ ಹೊಲಿದುಕೊಡುತ್ತೇನೆ.

1962ರಲ್ಲಿ ಹಾಲಿವುಡ್ ನಟಿ ಮರ್ಲಿನ್ ಮನ್ರೋ ತೊಟ್ಟಿದ್ದ ಗೌನನ್ನು 2022ರಲ್ಲಿ ನ್ಯೂಯಾರ್ಕಿನ ಮೆಟ್ ಗಾಲಾ ಎಂಬ ಫ್ಯಾಷನ್ ಸಮಾರಂಭದಲ್ಲಿ ಅಮೆರಿಕದ ಟಿವಿ ತಾರೆ ಕಿಮ್ ಕರ್ದಾಶಿಯನ್ ತೊಟ್ಟಾಗ, ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯ ಉಡುಪು ಸಮಿತಿಯು ಚಾರಿತ್ರಿಕ ಉಡುಪುಗಳನ್ನು ಯಾರೂ ತೊಡಬಾರದೆಂದು ಹೇಳಿಕೆ ನೀಡಿತು. ಅಂಥ ಒಂದೇ ಒಂದು ಉಡುಪಿನ ವಿಷಯದಲ್ಲಿ ನಾನು ಆ ಮಾತಿನ ಜೊತೆಗಿದ್ದೇನೆ. ಆದರೆ ಮನೆಗಳಲ್ಲಿರುವ ಪ್ರತಿ ಹಳೆಯ ಬಟ್ಟೆಗೂ ಅದನ್ನೇ ಅನ್ವಯಿಸಲು ಹೊರಟರೆ, ತೊಡಬೇಡಿ ಎನ್ನುವುದರ ಜೊತೆಗೆ ಇಡುವ ಹೊಣೆಯನ್ನೂ ಹೇಳಬೇಕಾಗುತ್ತದೆ. ಸಂಗ್ರಹಾಲಯಗಳು ಬಟ್ಟೆಗಳ ಮೇಲೆ ಬೀಳುವ ಬೆಳಕನ್ನು ಮಂದವಾಗಿ, 50 ಲಕ್ಸ್‌ನ ಆಸುಪಾಸಿನಲ್ಲಿ ಹಿಡಿದಿಡುತ್ತವೆ, ಆಮ್ಲರಹಿತ ಕಾಗದವನ್ನು ಮಡಿಕೆಗಳಲ್ಲಿ ತುಂಬುತ್ತವೆ, ನುಸಿಗಾಗಿ ಬಲೆ ಇಡುತ್ತವೆ. ಬೀರುವಿನ ತಂತಿಯ ಹ್ಯಾಂಗರಿಗೆ ತನ್ನದೇ ಭಾರದಲ್ಲಿ ಜೋತುಬಿದ್ದು ಹೆಗಲು ಹರಿದುಕೊಳ್ಳುತ್ತಿರುವ ಗೌನನ್ನು ಯಾರೂ ಸಂರಕ್ಷಿಸುತ್ತಿಲ್ಲ. ಅದರ ನಾಶ ನಿಧಾನವಾಗಿದೆ, ಅಷ್ಟೆ.

ನನಗೆ ಇನ್ನೂ ಪೂರ್ತಿ ಬಗೆಹರಿಯದ ಕೆಲಸ ಕಸೂತಿಯನ್ನು ವರ್ಗಾಯಿಸುವುದು. ಕೆಳಗಿನ ಬಟ್ಟೆ ಜೀರ್ಣವಾಗಿ ಮೇಲಿನ ಚಿನ್ನ-ಬೆಳ್ಳಿಯ ಕಸೂತಿ ಮಾತ್ರ ಗಟ್ಟಿಯಾಗಿದ್ದರೆ, ಅದನ್ನು ಕತ್ತರಿಸಿ ಹೊಸ ಬಟ್ಟೆಗೆ ಹಾಕಿಕೊಡಿ ಎಂದು ಕೇಳುತ್ತಾರೆ. 18ನೇ ಶತಮಾನದ ಫ್ರಾನ್ಸಿನ ಸಿರಿವಂತ ಹೆಂಗಸರು ಹಳೆಯ ಉಡುಪುಗಳ ಚಿನ್ನದ ಎಳೆಗಳನ್ನು ಬಿಡಿಸಿ ಮಾರುವುದನ್ನೇ ಹೊತ್ತು ಕಳೆಯುವ ಹವ್ಯಾಸ ಮಾಡಿಕೊಂಡಿದ್ದರು, ಅದರಲ್ಲಿ ಎಷ್ಟು ಕೈಕೆಲಸ ಹೋಯಿತೆಂದು ನೆನೆದರೆ ಸಂಕಟವಾಗುತ್ತದೆ. ವರ್ಗಾಯಿಸಿದರೆ ಕಸೂತಿಯಾದರೂ ಉಳಿಯುತ್ತದೆ, ಆದರೆ ಅದು ಮೈಮೇಲೆ ಎಲ್ಲಿ, ಹೇಗೆ ಕೂರುತ್ತಿತ್ತು ಎಂಬುದು ಹೋಗುತ್ತದೆ. ಹಾಗಾಗಿ ಕೆಳಬಟ್ಟೆ ತನ್ನ ಭಾರವನ್ನೇ ತಾಳದ ಸ್ಥಿತಿಗೆ ಬಂದಿದ್ದರೆ ಮಾತ್ರ ಒಪ್ಪುತ್ತೇನೆ. ಆಗಲೂ ಮೊದಲು ಉಡುಪಿನ ಪೂರ್ಣ ನಕ್ಷೆ ಬರೆದು, ಎರಡೂ ಮಗ್ಗುಲಿನ ಚಿತ್ರ ತೆಗೆದು, ಕಸೂತಿಯ ಸುತ್ತ ಹಳೆಯ ಬಟ್ಟೆಯ ಅಂಚನ್ನು ಉಳಿಸಿಕೊಂಡೇ ಕತ್ತರಿಸುತ್ತೇನೆ. ಉಳಿದ ಬಟ್ಟೆಯನ್ನು ಎಸೆಯುವುದಿಲ್ಲವೆಂದು ಒಡೆಯರು ಒಪ್ಪದಿದ್ದರೆ ಕೆಲಸ ಹಿಡಿಯುವುದಿಲ್ಲ.