ಬಿಸಿಲೇ ಇಲ್ಲದ ಬೇಸಿಗೆಯಲ್ಲಿ ಹಲಸಿನ ಹಪ್ಪಳ

ನಮ್ಮ ಶಿರಸಿ ಕಡೆ ಹಪ್ಪಳ ಮಾಡುವವರಿಗೆ ಏಪ್ರಿಲ್, ಮೇ ಅಂದರೆ ಸುಗ್ಗಿ. ಹಲಸಿನಕಾಯಿ ಬಲಿತಿರುತ್ತದೆ, ಮಕ್ಕಳಿಗೆ ರಜೆ ಇರುತ್ತದೆ, ಅಂಗಳದಲ್ಲಿ ಬೇಕಾದಷ್ಟು ಬಿಸಿಲಿರುತ್ತದೆ. 2025ರಲ್ಲಿ ಮೊದಲ ಎರಡು ಸರಿಯಾಗಿಯೇ ಇದ್ದವು. ಬಿಸಿಲಿನದ್ದೇ ತಕರಾರು. ಅದರ ಹಿಂದಿನ ವರ್ಷ ಬಾವಿಯ ತಳ ಕಾಣುವಷ್ಟು ಬರ, ಈ ವರ್ಷ ನೋಡಿದರೆ ಬೇಸಿಗೆಯ ತುಂಬಾ ಮಳೆ. ಮೇ ತಿಂಗಳಲ್ಲಿ ಇಡೀ ರಾಜ್ಯಕ್ಕೆ ವಾಡಿಕೆ ಮಳೆ 74 ಮಿ.ಮೀ., ಆ ಸಲ ಸುರಿದದ್ದು 219. ಮುಂಗಾರು ಕೂಡ ಜೂನ್ 1ರ ತನಕ ಕಾಯಲಿಲ್ಲ. ಮೇ 24ಕ್ಕೇ ಕೇರಳಕ್ಕೆ ಬಂತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಅಲ್ಲಿಂದ ನಮ್ಮ ಘಟ್ಟಕ್ಕೆ ಬರಲು ಅದಕ್ಕೆ ಜಾಸ್ತಿ ಹೊತ್ತೇನೂ ಬೇಕಾಗಲಿಲ್ಲ.

"ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತಾರೆ. ಇರಬಹುದು. ಹಪ್ಪಳದವರನ್ನು ಕೇಳಿ ಆ ಗಾದೆ ಮಾಡಿದ್ದಲ್ಲ.

ಬೆಂಗಳೂರಿನ ನೆಂಟರಿಷ್ಟರು, ಅವರ ಪೈಕಿಯವರು ಅಂತ ನನಗೆ ಪ್ರತಿವರ್ಷ ಹಪ್ಪಳಕ್ಕೆ ಆರ್ಡರ್ ಇರುತ್ತದೆ. ದೊಡ್ಡ ವ್ಯಾಪಾರವಲ್ಲ, ಆದರೆ ಮನೆಗೆ ಆಗುತ್ತದೆ. ಆ ವರ್ಷವೂ ಮಾಡಿದೆ. ಮಾಡಿದ ಬಗೆ ಮಾತ್ರ ಪೂರ್ತಿ ಬೇರೆ.

ಮೊದಲು ಮಳೆಯನ್ನೇ ಎರಡಾಗಿ ನೋಡಬೇಕು. ಏಪ್ರಿಲ್ ಕೊನೆ, ಮೇ ಮೊದಲ ಭಾಗದ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲಿನದ್ದು. ಬೆಳಿಗ್ಗೆ ಬಿಸಿಲು, ಹನ್ನೆರಡರ ಹೊತ್ತಿಗೆ ಸೆಕೆ, ಮೂರಕ್ಕೆ ಮೋಡ, ಆಮೇಲೆ ಗುಡುಗು. ಅಂಥ ದಿನ ಬೆಳಗಿನ ನಾಲ್ಕೈದು ತಾಸು ನಮ್ಮದೇ. ಮುಂಗಾರು ಹಿಡಿದ ಮೇಲೆ ಹಾಗಲ್ಲ. ಬೆಳಗು, ಬೈಗು ಒಂದೇ ಬಣ್ಣ. ಆಗ ಅಂಗಳದ ಆಸೆಯನ್ನೇ ಬಿಡಬೇಕು. ಮೊದಲನೆಯದಕ್ಕೆ ಹೊತ್ತು ಬದಲಿಸಿದರೆ ಸಾಕು, ಎರಡನೆಯದಕ್ಕೆ ಕೆಲಸದ ಕ್ರಮವನ್ನೇ ಬದಲಿಸಬೇಕು.

ಹೊತ್ತು ಬದಲಿಸಿದ್ದು ಹೀಗೆ. ಕಾಯಿ ಕೊರೆದು ಸೊಳೆ (ತೊಳೆ) ಬಿಡಿಸುವ ಕೆಲಸ ಹಿಂದಿನ ಸಂಜೆಗೆ ಹಾಕಿಕೊಂಡೆ. ಹೇಗೂ ಹೊರಗೆ ಮಳೆ, ಎಲ್ಲರೂ ಜಗಲಿಯ ಮೇಲೇ ಇರುತ್ತಾರೆ. ಕೈಗೆ ಎಣ್ಣೆ ಹಚ್ಚಿಕೊಂಡು ಕೂತರೆ ಮಾತಾಡುತ್ತಾ ಮುಗಿಯುತ್ತದೆ. ಬೆಳಗಿನ ಜಾವ ಸೊಳೆ ಬೇಯಿಸಿ, ಗುದ್ದಿ, ಒತ್ತಿ, ಎಂಟರೊಳಗೆ ಚಾಪೆಯ ಮೇಲೆ ಹರಡುವುದು. ಮಧ್ಯಾಹ್ನ ಊಟಕ್ಕೆ ಮೊದಲೇ ಚಾಪೆ ಒಳಗೆ. ಮೋಡ ಕಟ್ಟಲಿ ನೋಡೋಣ ಅಂತ ಕಾಯುವುದಿಲ್ಲ. ಗುಡುಗು ಶುರುವಾದ ಮೇಲೆ ನಾನು ಅಂಗಳಕ್ಕೆ ಇಳಿಯುವುದೇ ಇಲ್ಲ, ಹಪ್ಪಳ ನೆನೆದರೆ ನೆನೆಯಲಿ. ನಮ್ಮ ಕಡೆ ಈ ತಿಂಗಳುಗಳ ಸಿಡಿಲು ಹುಡುಗಾಟವಲ್ಲ. ಮಗ ನನ್ನ ಫೋನಿಗೆ ದಾಮಿನಿ ಆ್ಯಪ್ ಹಾಕಿಕೊಟ್ಟಿದ್ದಾನೆ. ಸುತ್ತಮುತ್ತ ಸಿಡಿಲಿನ ಸೂಚನೆ ಇದ್ದರೆ ಅದು ತೋರಿಸುತ್ತದೆ.

ಹಿಟ್ಟಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು, ಅರ್ಧ ಗೆಲುವು ಅಲ್ಲೇ ಇದೆ. ಮಳೆ ಬಿದ್ದ ಮೇಲೆ ಕಾಯಿಯಲ್ಲಿ ನೀರು ಜಾಸ್ತಿ. ಮೆತ್ತನೆ ಸೊಳೆಯ ಅಂಬಲಿ ಹಲಸನ್ನಂತೂ ಮುಟ್ಟಲೇ ಇಲ್ಲ, ಗಟ್ಟಿ ಸೊಳೆಯ ಬಕ್ಕೆಯೇ ಬೇಕು. ಅದರಲ್ಲೂ ಚೆನ್ನಾಗಿ ಬಲಿತದ್ದು, ಆದರೆ ಹಣ್ಣಿನ ವಾಸನೆ ಇನ್ನೂ ಬಾರದ್ದು. ಸೊಳೆಯನ್ನು ನೀರಿನಲ್ಲಿ ಕುದಿಸದೆ ಹಬೆಯಲ್ಲೇ ಬೇಯಿಸಿದೆ. ಬೆಂದ ಮೇಲೆ ಬುಟ್ಟಿಗೆ ಸುರಿದು, ಮೇಲಿನ ಹಬೆ ಹಾರುವಷ್ಟು ಹೊತ್ತು ಬಿಟ್ಟು, ಬಿಸಿ ಇರುವಾಗಲೇ ಒರಳಿಗೆ. ತೀರಾ ತಣಿದರೆ ಗಂಟು ಉಳಿದು ಒತ್ತುವಾಗ ಅಂಚು ಸೀಳುತ್ತದೆ. ಉಪ್ಪು, ಒಣಮೆಣಸು, ಕೊತ್ತಂಬರಿ, ಜೀರಿಗೆ ಎಲ್ಲವನ್ನೂ ಒಣಗಿದ್ದನ್ನೇ ಪುಡಿ ಮಾಡಿ ಹಾಕಿದೆ. ಬೇರೆ ವರ್ಷ ಮೆಣಸನ್ನು ನೀರು ಹಾಕಿ ರುಬ್ಬುತ್ತಿದ್ದೆ, ಆ ವರ್ಷ ಅದು ಬಂದ್. ಉಂಡೆಯೂ ಚಿಕ್ಕದು. ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಒತ್ತುವಾಗ, ಹಾಳೆಯ ಕೆಳಗಿನ ಮಣೆಯ ಗೆರೆ ಮಸುಕಾಗಿ ಕಾಣುವಷ್ಟು ತೆಳು ಮಾಡುತ್ತಿದ್ದೆ. ಅಗಲದ ಹಪ್ಪಳ ನೋಡಲು ಚೆಂದವೇ. ಆದರೆ ದಪ್ಪ ಹಪ್ಪಳದ ನಡು ಒಣಗುವ ಹೊತ್ತಿಗೆ ಬೂಷ್ಟು ಬಂದು ಕೂತಿರುತ್ತದೆ.

ಹಪ್ಪಳಕ್ಕೆ ಮೊದಲ ದಿನವೇ ಮುಖ್ಯ. ಎರಡೂ ಮೈಯ ಪಸೆ ಅಂದೇ ಆರಿದರೆ ಆಮೇಲೆ ನಿಧಾನವಾಗಿ ಒಣಗಿದರೂ ಕೆಡುವುದಿಲ್ಲ. ಮೊದಲ ರಾತ್ರಿ ಪಸೆ ಉಳಿಯಿತೋ, ಬೆಳಿಗ್ಗೆ ಹುಳಿ ವಾಸನೆ, ಮರುದಿನ ಬಿಳಿ ಚುಕ್ಕೆ. ಹಾಗಾಗಿ ಒಂದು ದಿನಕ್ಕೆ ಎಷ್ಟು ಮಾಡಬೇಕು ಅನ್ನುವುದನ್ನು ಮನೆಯೊಳಗೆ ಹರಡಲು ಇರುವ ಜಾಗ ನೋಡಿ ತೀರ್ಮಾನಿಸಿದೆ. ಅಂಗಳ ಲೆಕ್ಕಕ್ಕಿಲ್ಲ.

ಒಳಗೆ ಒಣಗಿಸಲು ಮೊದಲು ಫ್ಯಾನ್ ಹಾಕಿದೆ. ಬರೀ ಫ್ಯಾನಿನಿಂದ ಒಂದು ಹದದವರೆಗೆ ಬರುತ್ತದೆ, ಆಮೇಲೆ ನಿಂತುಬಿಡುತ್ತದೆ. ಗಾಳಿಯೇ ಒದ್ದೆ ಇರುವಾಗ ಅದು ಹಪ್ಪಳದ ನೀರನ್ನು ಎಲ್ಲಿಗೆ ಒಯ್ದೀತು? ಸ್ವಲ್ಪ ಕಾವು ಬೇಕೇ ಬೇಕು. "ಬಿಸಿಲಿಗೆ ಯಾಕೆ ಕಾಯ್ತಿದ್ದೀಯೇ, ಬಚ್ಚಲ ಒಲೆ ಇದೆಯಲ್ಲ" ಅಂತ ನಮ್ಮ ಅತ್ತೆ ಅಂದರು. ಹಂಡೆಯ ಒಲೆ ನಮ್ಮಲ್ಲಿ ದಿನವೂ ಉರಿಯುತ್ತದೆ. ಅದರ ಮೇಲಿನ ಗಳಕ್ಕೆ ನಾಲ್ಕು ಮೂಲೆಗೆ ಹಗ್ಗ ಕಟ್ಟಿ ಬಿದಿರಿನ ತಟ್ಟಿ ಇಳಿಬಿಟ್ಟೆವು. ತಟ್ಟಿಗೆ ಹಳೆಯ ಪಂಚೆ ಹಾಸಿ, ಅದರ ಮೇಲೆ ಹಪ್ಪಳ. ಕೈ ಚಾಚಿ ಹಿಡಿದರೆ ಹಿತವಾಗಿ ಬೆಚ್ಚಗೆ ಅನ್ನಿಸುವ ಎತ್ತರ ಸರಿ. ಚುರುಕ್ ಅಂದರೆ ಇನ್ನೂ ಮೇಲೆ ಕಟ್ಟಬೇಕು, ಇಲ್ಲದಿದ್ದರೆ ಅಂಚು ಮುರುಟಿ ನಡು ಹಸಿಯೇ ಉಳಿಯುತ್ತದೆ.

ಹೊಗೆ ಇನ್ನೊಂದು ಕಾಟ. ಹಸಿ ಕಟ್ಟಿಗೆಯ ಹೊಗೆ ತಾಗಿದ ಹಪ್ಪಳ ಕರಿದರೂ ಬಚ್ಚಲ ವಾಸನೆ ಬಿಡುವುದಿಲ್ಲ. ಆದ್ದರಿಂದ ಬೆಳಿಗ್ಗೆ ಎಲ್ಲರ ಸ್ನಾನ ಮುಗಿದು, ಉರಿ ಇಳಿದು, ಕೆಂಡ ನಿಂತ ಮೇಲೆಯೇ ತಟ್ಟಿ ಕಟ್ಟುವುದು. ಕೆಂಡ ಉಳಿಸಲು ತೆಂಗಿನ ಚಿಪ್ಪಿನಂಥದ್ದು ಬೇರೊಂದಿಲ್ಲ. ಬಾಗಿಲಲ್ಲಿ ಟೇಬಲ್ ಫ್ಯಾನ್ ಇಟ್ಟು ಗಾಳಿಯನ್ನು ಹೊರಗಡೆಗೆ ತಿರುಗಿಸಿದೆ. ಒದ್ದೆ ಗಾಳಿ ಹೊರಗೆ ಹೋಗಬೇಕು, ಫ್ಯಾನನ್ನು ಹಪ್ಪಳದ ಕಡೆ ತಿರುಗಿಸಿದರೆ ಬೂದಿ ಹಾರುತ್ತದೆ. ಕರೆಂಟ್ ಹೋದಾಗ ಕಿಟಕಿ ತೆರೆದಿಟ್ಟರೆ ನಿಧಾನವಾಗಿಯಾದರೂ ಆಗುತ್ತಿತ್ತು. ಪೇಟೆಯಲ್ಲಿ ಕರೆಂಟಿನ ಡ್ರೈಯರ್ ಸಿಗುತ್ತದೆ, ನಾನು ತಂದಿಲ್ಲ. ಮಳೆ ಜೋರಾದಾಗಲೇ ಕರೆಂಟ್ ಹೋಗುವ ಊರಿನಲ್ಲಿ ಅದಕ್ಕೆ ದುಡ್ಡು ಹಾಕಲು ಮನಸ್ಸು ಬರಲಿಲ್ಲ.

ನಮ್ಮಲ್ಲಿ ಅಡಿಕೆಗೆಂದು ಮಾಡಿದ ಪ್ಲಾಸ್ಟಿಕ್ ಹೊದಿಕೆಯ ಮನೆಯೂ ಇದೆ. ಆದರೆ ಆ ವರ್ಷ ಒಣಗದ ಚಾಲಿ ಅಡಿಕೆಯೆಲ್ಲ (ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸುವ ಹಣ್ಣಡಿಕೆ) ಅಲ್ಲೇ ಇತ್ತು. ಜಾಗಕ್ಕಾಗಿ ಮನೆಯವರ ಜೊತೆ ನಡೆದ ಜಗಳ ಬೇರೆ. (ಅವರಿಗೆ ಔಷಧಿ ಹೊಡೆಯುವ ತಲೆಬಿಸಿಯೂ ಇತ್ತು. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆ ಹಿಡಿಯುವ ಮೊದಲು ಹೊಡೆಯಬೇಕಾದ ಬೋರ್ಡೋ ದ್ರಾವಣದ ಮೈಲುತುತ್ತ, ಸುಣ್ಣ ತಂದಿಟ್ಟಲ್ಲೇ ಉಳಿದಿತ್ತು.) ಕೊನೆಗೆ ಒಂದು ಮೂಲೆ ಸಿಕ್ಕಿತು. ಮೋಡವಿದ್ದರೂ ಹಗಲಿನಲ್ಲಿ ಒಳಗೆ ಹೊರಗಿಗಿಂತ ಬೆಚ್ಚಗೇ ಇರುತ್ತದೆ. ಆದರೆ ರಾತ್ರಿ ಮಾಡಿನ ಒಳಮೈಗೆ ಬೆವರು ಕೂತು, ಬೆಳಿಗ್ಗೆ ಒಂದೊಂದೇ ಹನಿ ಹಪ್ಪಳದ ಮೇಲೆ ಬೀಳುತ್ತದೆ. ಹನಿ ಬಿದ್ದ ಜಾಗ ರೂಪಾಯಿ ಅಗಲಕ್ಕೆ ಉಬ್ಬಿ ಅಂಟಾಗುತ್ತದೆ. ಸಂಜೆ ಎಲ್ಲವನ್ನೂ ಎತ್ತಿ ಒಳಗೆ ತಂದು, ಬೆಳಿಗ್ಗೆ ಎರಡೂ ತುದಿಯ ಬಾಗಿಲು ತೆಗೆದು ಬೆವರು ಆರಿದ ಮೇಲೆ ಮತ್ತೆ ಹರಡುತ್ತಿದ್ದೆ.

ಒಣಗಿತೋ ಇಲ್ಲವೋ ಎಂದು ಬಗ್ಗಿಸಿ ನೋಡುತ್ತೇನೆ. ಬಾಗಿದರೆ ಇಲ್ಲ, ಚಟ್ ಅಂತ ಮುರಿದರೆ ಹೌದು. ಮಳೆಗಾಲದಲ್ಲಿ ಇದೂ ಮೋಸ ಮಾಡುತ್ತದೆ, ಅಂಚು ಮುರಿದರೂ ನಡು ಮೆತ್ತಗಿರುತ್ತದೆ. ಅದಕ್ಕೇ ಪ್ರತಿ ತಟ್ಟಿಯಿಂದ ಒಂದು ಹಪ್ಪಳ ಎತ್ತಿ ಕರಿದು ನೋಡಿದೆ. ಅರಳದೆ, ನಡುವೆ ಗಟ್ಟಿಯಾಗಿ ಹಲ್ಲಿಗೆ ಸಿಕ್ಕರೆ ಆ ತಟ್ಟಿ ಮತ್ತೆ ಒಲೆಯ ಮೇಲೆ. ಒಣಗಿದ್ದನ್ನು ಬಿಸಿಬಿಸಿ ಇರುವಾಗ ಡಬ್ಬಿಗೆ ತುಂಬಬಾರದು, ಪೂರ್ತಿ ಆರಲು ಬಿಡಬೇಕು. ಹಾಗಂತ ರಾತ್ರಿಯಿಡೀ ತೆರೆದಿಟ್ಟರೂ ಕಷ್ಟ, ಮತ್ತೆ ಪಸೆ ಎಳೆದುಕೊಳ್ಳುತ್ತದೆ. ಒಂದೇ ದೊಡ್ಡ ಡಬ್ಬಿಯ ಬದಲು ಸಣ್ಣ ಸಣ್ಣ ಕಟ್ಟು ಮಾಡಿ ಮುಚ್ಚಿದೆ. ಬೇಕಾದಷ್ಟೇ ಬಿಚ್ಚಿದರಾಯಿತು.

ಮುಂಗಾರು ಪೂರ್ತಿ ಹಿಡಿದ ಮೇಲೆ ಹಪ್ಪಳ ನಿಲ್ಲಿಸಿದೆ. ಮರದಲ್ಲಿ ಇನ್ನೂ ಕಾಯಿ ಇತ್ತು. ಅದೆಲ್ಲ ಉಪ್ಪಿಗೆ ಹೋಯಿತು. ಉಪ್ಪುಸೊಳೆ ನಮಗೇನು ಹೊಸದಲ್ಲ, ಬಿಸಿಲು ಬೇಡದ ಕೆಲಸ. ನಾಲ್ಕೈದು ಪಾತ್ರೆ ಸೊಳೆಗೆ ಒಂದು ಪಾತ್ರೆ ಕಲ್ಲುಪ್ಪು. ಒಂದು ಪದರ ಸೊಳೆ, ಒಂದು ಪದರ ಉಪ್ಪು ಅಂತ ಭರಣಿಗೆ ಒತ್ತಿ ತುಂಬಿ, ಮೇಲೆ ಭಾರ ಇಟ್ಟರೆ ಅದರದ್ದೇ ನೀರು ಬಿಟ್ಟುಕೊಂಡು ಮುಳುಗುತ್ತದೆ. ಒದ್ದೆ ಕೈ, ಒದ್ದೆ ಸೌಟು ತಾಗಿಸಬಾರದು. ಬೇಕಾದಾಗ ತೆಗೆದು, ರಾತ್ರಿ ನೀರಿನಲ್ಲಿಟ್ಟು ಉಪ್ಪು ಬಿಡಿಸಿದರೆ ಆಟಿ (ಜುಲೈ–ಆಗಸ್ಟ್) ತಿಂಗಳಲ್ಲೂ ಪಲ್ಯಕ್ಕೆ, ರೊಟ್ಟಿಗೆ ಆಯಿತು. ಮುರುಗಲು (ಪುನರ್ಪುಳಿ) ಸಿಪ್ಪೆ ಒಣಗಿಸುವ ಬದಲು ಸಕ್ಕರೆ ಹಾಕಿ ಕಾಯಿಸಿ ಪಾನಕಕ್ಕೆ ಮಾಡಿಟ್ಟೆ. ಬಾಳಕದ ಮೆಣಸಿನ ಆಸೆ ಬಿಟ್ಟೆ. ಮಜ್ಜಿಗೆಯಲ್ಲಿ ನೆನೆಸಿ ಮತ್ತೆ ಮತ್ತೆ ಒಣಗಿಸಬೇಕು, ಬಚ್ಚಲ ತಟ್ಟಿಯಲ್ಲಿ ಆಗುವ ಮಾತಲ್ಲ.

ಆರ್ಡರ್ ಕೊಟ್ಟವರಿಗೆ ಮೇ ಮಧ್ಯದಲ್ಲೇ ಫೋನ್ ಮಾಡಿ ಹೇಳಿದೆ: ಅರ್ಧ ಹಪ್ಪಳ, ಉಳಿದದ್ದಕ್ಕೆ ಬೇಕಾದರೆ ಉಪ್ಪುಸೊಳೆ, ಹಪ್ಪಳ ಈ ಸಲ ಚಿಕ್ಕದು, ದರ ಸ್ವಲ್ಪ ಜಾಸ್ತಿ. ಒಬ್ಬಿಬ್ಬರು ಗೊಣಗಿದರು, ಹೆಚ್ಚಿನವರು ಒಪ್ಪಿದರು. ಕಟ್ಟಿಗೆ, ಚಿಪ್ಪು, ಎರಡು ಪಟ್ಟು ಕೈಕೆಲಸ ಸೇರಿಸಿದರೆ ಆ ದರವೂ ಕಡಿಮೆಯೇ. ಈಗ ಮಾರ್ಚ್ ಒಳಗೇ ಚಿಪ್ಪು ಮೂಟೆ ಕಟ್ಟಿ ಅಟ್ಟಕ್ಕೆ ಹಾಕುತ್ತೇನೆ, ತಟ್ಟಿಯ ಹಗ್ಗವನ್ನು ಬಿಚ್ಚದೆ ಗಳಕ್ಕೇ ಸುತ್ತಿಟ್ಟಿದ್ದೇನೆ. ಆರ್ಡರ್ ಮಾತ್ರ ಏಪ್ರಿಲ್ ಮಳೆ ನೋಡಿಯೇ ಒಪ್ಪಿಕೊಳ್ಳುವುದು.