ಕ್ರೂಪ್ ಮತ್ತು ಒಂದೂವರೆ ಮಿಲಿಲೀಟರ್ ಡೆಕ್ಸಾಮೆಥಾಸೋನ್

ಮಧ್ಯರಾತ್ರಿ ನನ್ನ ಬಾಗಿಲು ತಟ್ಟುವ ತಂದೆತಾಯಿಯರಲ್ಲಿ ಅನೇಕರು "ಡಾಕ್ಟ್ರೇ, ಮಗೂಗೆ ನಾಯಿಕೆಮ್ಮು" ಎನ್ನುತ್ತಲೇ ಒಳಬರುತ್ತಾರೆ. ನಮ್ಮಲ್ಲಿ ಆ ಹೆಸರು ಬ್ಯಾಕ್ಟೀರಿಯಾದಿಂದ ಬರುವ ಪರ್ಟುಸಿಸ್‌ಗೆ ಸಂದಿದೆಯಾದರೂ, ನಿಜಕ್ಕೂ ನಾಯಿ ಬೊಗಳಿದಂತೆ ಕೇಳುವುದು ಕ್ರೂಪ್‌ನ ಕೆಮ್ಮೇ. ಹೆಸರಿನ ಈ ಗೊಂದಲದಿಂದಾಗಿ ಸುಮ್ಮನೆ ಆಂಟಿಬಯಾಟಿಕ್ ಕುಡಿದು ಬಂದ ಮಕ್ಕಳನ್ನೂ ಕಂಡಿದ್ದೇನೆ. ಕ್ರೂಪ್‌ಗೆ ಕಾರಣ ವೈರಸ್, ಹೆಚ್ಚಾಗಿ ಪ್ಯಾರಾಇನ್‌ಫ್ಲುಯೆಂಜಾ. ಧ್ವನಿಪೆಟ್ಟಿಗೆಯ ಕೆಳಗೆ ಶ್ವಾಸನಾಳದ ಒಳಪದರ ಊದಿಕೊಂಡು, ಮೊದಲೇ ಕಿರಿದಾದ ದಾರಿ ಇನ್ನಷ್ಟು ಕಿರಿದಾಗುತ್ತದೆ. ಆ ಊತವನ್ನು ಇಳಿಸುವುದು ಸ್ಟೀರಾಯ್ಡ್.

ವೃತ್ತಿಯ ಆರಂಭದಲ್ಲಿ 10 ಕಿಲೋ ತೂಕದ ಒಂದು ಗಂಡುಮಗುವಿಗೆ ನಾನು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಅನ್ನು ತೊಡೆಗೆ ಚುಚ್ಚಿದೆ. ಅದಕ್ಕೂ ಮೊದಲು ನಾಲಿಗೆ ಒತ್ತಿ ಗಂಟಲು ನೋಡಿದ್ದೆ. ಮಗು ಕಿರುಚಿ ಅತ್ತಂತೆಲ್ಲ ಉಸಿರೆಳೆಯುವಾಗಿನ ಕರ್ಕಶ ಸದ್ದು ಹೆಚ್ಚಿತು, ಪಕ್ಕೆ ಒಳಸೆಳೆಯತೊಡಗಿತು. ಅದು ಶಾಂತವಾಗುವವರೆಗೆ ನನ್ನ ಕೈಕಾಲು ತಣ್ಣಗಾಗಿದ್ದವು. ಔಷಧ ಸರಿಯಿತ್ತು, ಕೊಟ್ಟ ರೀತಿ ತಪ್ಪಿತ್ತು.

ಈಗ ಮಗುವನ್ನು ತಾಯಿಯ ಮಡಿಲಿನಿಂದ ಇಳಿಸದೆ, ದೂರದಿಂದಲೇ ಉಸಿರಾಟ ಗಮನಿಸಿ, ಔಷಧವನ್ನು ಬಾಯಿಗೇ ಕೊಡುತ್ತೇನೆ. ಪ್ರಮಾಣ ಕಿಲೋಗೆ 0.6 ಮಿಲಿಗ್ರಾಂ, ಒಮ್ಮೆ ಮಾತ್ರ. 0.5 ಮಿಲಿಗ್ರಾಂ ಮಾತ್ರೆಯಾದರೆ 10 ಕಿಲೋ ಮಗುವಿಗೆ 12 ಪುಡಿ ಮಾಡಬೇಕು. ಆದ್ದರಿಂದ ಮಿಲಿಲೀಟರ್‌ಗೆ 4 ಮಿಲಿಗ್ರಾಂ ಇರುವ ಇಂಜೆಕ್ಷನ್ ದ್ರವವನ್ನೇ 1.5 ಮಿಲಿಲೀಟರ್ ಸಿರಿಂಜಿಗೆ ಎಳೆದು, ಸೂಜಿ ತೆಗೆದು, ಸಕ್ಕರೆ ಪಾಕದಲ್ಲಿ ಬೆರೆಸಿ ಕೆನ್ನೆಯ ಒಳಗೆ ನಿಧಾನವಾಗಿ ಬಿಡುತ್ತೇನೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನಡೆದ ಅಧ್ಯಯನಗಳು ಕಿಲೋಗೆ 0.15 ಮಿಲಿಗ್ರಾಂ ಕೂಡ ಸಾಕೆಂದು ತೋರಿಸಿವೆ. ಆದರೂ ರಾತ್ರೋರಾತ್ರಿ ದೂರದ ಹಳ್ಳಿಗೆ ಮರಳುವ, ಮತ್ತೆ ಬರಲು ವಾಹನ ಸಿಗದ ಮಕ್ಕಳೇ ನನ್ನಲ್ಲಿ ಹೆಚ್ಚಿರುವುದರಿಂದ ನಾನು 0.6ಕ್ಕೇ ಅಂಟಿಕೊಂಡಿದ್ದೇನೆ. ಉಸಿರೆಳೆಯುವಾಗ ಕರ್ಕಶ ಸದ್ದಿಲ್ಲದೆ ಬರೀ ಕೆಮ್ಮಿರುವ ಮಗುವಿಗೂ ಕೊಡುತ್ತೇನೆ. ಕೆನಡಾದಲ್ಲಿ 720 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೌಮ್ಯ ಕ್ರೂಪ್‌ನಲ್ಲೂ ಮತ್ತೆ ವೈದ್ಯರ ಬಳಿ ಬರಬೇಕಾದವರ ಪ್ರಮಾಣ ಶೇ. 15ರಿಂದ 7ಕ್ಕೆ ಇಳಿದಿತ್ತು.

ವಾಂತಿ ನಿಲ್ಲದಿದ್ದರೆ ಬ್ಯುಡೆಸೊನೈಡ್ ಎಂಬ ಇನ್ನೊಂದು ಸ್ಟೀರಾಯ್ಡ್ ಅನ್ನು 2 ಮಿಲಿಗ್ರಾಂನಷ್ಟು, ಔಷಧವನ್ನು ಮಂಜಿನಂತೆ ಉಸಿರಿಗೆ ಕೊಡುವ ನೆಬುಲೈಸರ್‌ನಲ್ಲಿ ಕೊಡಬಹುದು. ಸುಮ್ಮನಿದ್ದಾಗಲೂ ಸದ್ದು ಕೇಳಿ, ಎದೆ ಒಳಸೆಳೆಯುತ್ತಿದ್ದರೆ ಸ್ಟೀರಾಯ್ಡ್ ಕೆಲಸ ಶುರುಮಾಡುವವರೆಗೆ ಕಾಯಲಾಗದು. ಅಡ್ರಿನಲಿನ್ ನೆಬುಲೈಸ್ ಮಾಡುತ್ತೇನೆ. ಅದರ ಪರಿಣಾಮ ಸುಮಾರು 2 ಗಂಟೆಗೆ ಇಳಿಯುವುದರಿಂದ, ಮಗು ಚೇತರಿಸಿದಂತೆ ಕಂಡರೂ 4 ಗಂಟೆ ಕೂರಿಸಿಕೊಳ್ಳುತ್ತೇನೆ. ಆಸ್ತಮಾಕ್ಕೆ ಕೊಡುವ ಸಾಲ್ಬುಟಮಾಲ್‌ನಿಂದ ಇಲ್ಲಿ ಪ್ರಯೋಜನವಿಲ್ಲ.

ಜ್ವರ, ನೆಗಡಿ ಏನೂ ಇಲ್ಲದೆ ಆಡುತ್ತಿದ್ದಾಗಲೇ ಶುರುವಾದ ಸದ್ದಾದರೆ ಕಡಲೆಕಾಯಿ ಬೀಜ ಸಿಕ್ಕಿಕೊಂಡಿತೇ ಎಂದು ಕೇಳುತ್ತೇನೆ. ಜೊಲ್ಲು ಸುರಿಸುತ್ತ ಮುಂದಕ್ಕೆ ಬಾಗಿ ಕೂತ ಮಗುವನ್ನು, ಲಸಿಕೆ ಹಾಕಿಸದೆ ಕುತ್ತಿಗೆ ಊದಿಸಿಕೊಂಡು ಬಂದ ಮಗುವನ್ನು ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ. ಹಾಗೆ ಕುತ್ತಿಗೆ ಊದಿಸುವ ಗಂಟಲಮಾರಿ (ಡಿಫ್ತೀರಿಯಾ) ನಮ್ಮ ರಾಜ್ಯದಿಂದ ಇನ್ನೂ ಹೋಗಿಲ್ಲ.

ಸ್ಟೀರಾಯ್ಡ್ ಎಂದೊಡನೆ ಅಜ್ಜಿಯರು ಬೆಚ್ಚುತ್ತಾರೆ. ಒಂದೇ ಸಲ ಕೊಟ್ಟದ್ದು ಒಂದೆರಡು ದಿನ ಕೆಲಸ ಮಾಡಿ ಹೋಗುತ್ತದೆ, ತಿಂಗಳುಗಟ್ಟಲೆ ಕೊಡುವುದರ ಮಾತೇ ಬೇರೆ ಎಂದು ವಿವರಿಸಿದರೆ ಒಪ್ಪುತ್ತಾರೆ. ನನಗೆ ಹೆಚ್ಚು ಚಿಂತೆ ತರುವುದು ಬೆಳಗಾಗುವಷ್ಟರಲ್ಲಿ ಆದ ಗುಣವನ್ನು ಕಂಡು, ಪ್ರತಿ ಕೆಮ್ಮಿಗೂ ಅದೇ ಚೀಟಿ ಹಿಡಿದು ಮೆಡಿಕಲ್‌ಗೆ ಹೋಗುವ ಅಪ್ಪಂದಿರು. ಅದಕ್ಕೇ ಆ ಔಷಧವನ್ನು ಕೈಯಾರೆ ಕುಡಿಸಿ, ಚೀಟಿಯಲ್ಲಿ "ಕೊಟ್ಟಾಗಿದೆ, ಮತ್ತೆ ಕೊಡಬೇಡಿ" ಎಂದು ಕನ್ನಡದಲ್ಲೇ ಬರೆಯುತ್ತೇನೆ.