ಪುಟ್ಟ ಮಕ್ಕಳೊಂದಿಗೆ ಕ್ರೂಸ್ ಪ್ರವಾಸ: ಮೊದಲ ದಿನದ ಕೈಚೀಲ

ಕ್ರೂಸ್ ಹಡಗಿನಲ್ಲಿ ಪುಟ್ಟ ಮಕ್ಕಳೊಂದಿಗೆ ರಜೆ ಕಳೆಯಲು ಹೊರಟವರು ಟಿಕೆಟ್ ಕಾಯ್ದಿರಿಸುವ ಮೊದಲೇ ವಯಸ್ಸಿನ ನಿಯಮವನ್ನು ಓದಿಕೊಳ್ಳಬೇಕು. ಬಹುತೇಕ ಕಂಪನಿಗಳು 6 ತಿಂಗಳು ತುಂಬದ ಶಿಶುಗಳನ್ನು ಹತ್ತಿಸಿಕೊಳ್ಳುವುದಿಲ್ಲ, ಸಾಗರ ದಾಟುವ ದೀರ್ಘ ಯಾನಗಳಿಗಾದರೆ ಸಾಮಾನ್ಯವಾಗಿ 12 ತಿಂಗಳು ತುಂಬಿರಬೇಕೆನ್ನುತ್ತವೆ. ಕೋಣೆಯನ್ನು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಆರಿಸಿಕೊಂಡರೆ ಓಲಾಟ ಕಡಿಮೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ದಿನದ ಕೈಚೀಲ. ಬಂದರಿನಲ್ಲಿ ಒಪ್ಪಿಸಿದ ದೊಡ್ಡ ಪೆಟ್ಟಿಗೆಗಳು ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ ಕೆಲವೊಮ್ಮೆ ಸಂಜೆಯೇ ಆಗಿಬಿಡುತ್ತದೆ. ಈಜುಕೊಳವನ್ನು ಕಂಡ ಮಗು ಅಲ್ಲಿಯವರೆಗೆ ಸುಮ್ಮನಿರುತ್ತದೆಯೇ? ಆದ್ದರಿಂದ ಪಾಸ್‌ಪೋರ್ಟ್‌ಗಳು, ಜ್ವರದ ಔಷಧಿ ಮತ್ತು ಅದರ ಅಳತೆ ಮುಚ್ಚಳ, ಈಜುಡುಗೆ, ಒಂದು ಜೊತೆ ಬಟ್ಟೆ, ಡೈಪರ್‌ಗಳು, ಮಗು ತಬ್ಬಿಕೊಂಡು ಮಲಗುವ ಗೊಂಬೆ ಇವೆಲ್ಲ ನಿಮ್ಮ ಹೆಗಲಲ್ಲೇ ಇರಲಿ. ಡೈಪರ್ ಹಾಕುವ ಮಕ್ಕಳನ್ನು, ಅದು ಈಜುವ ಡೈಪರ್ ಆಗಿದ್ದರೂ ಸರಿಯೇ, ಹಡಗಿನ ಮುಖ್ಯ ಕೊಳಕ್ಕೆ ಇಳಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಅಂಥ ಮಕ್ಕಳಿಗೆಂದೇ ನೀರಾಟದ ಜಾಗ ಇದೆಯೇ ಎಂದು ಮುಂಚಿತವಾಗಿ ವಿಚಾರಿಸಿಕೊಳ್ಳಿ. ಮಕ್ಕಳ ಕ್ಲಬ್‌ಗೆ ಸೇರಿಸಲು ಹೆಚ್ಚಿನ ಕಡೆ 3 ವರ್ಷ ತುಂಬಿರಬೇಕು, ಶೌಚಾಲಯದ ಅಭ್ಯಾಸವೂ ಆಗಿರಬೇಕು.

ಸುರಕ್ಷತಾ ಕವಾಯತು ಎಲ್ಲರಿಗೂ ಕಡ್ಡಾಯ. ಆ ವೇಳೆಯಲ್ಲೇ ಮಗುವಿನ ಅಳತೆಯ ಲೈಫ್ ಜಾಕೆಟನ್ನು ಕೇಳಿ ಪಡೆದು, ಒಮ್ಮೆ ತೊಡಿಸಿ ನೋಡಿ. ಕೋಣೆಗೆ ಬಾಲ್ಕನಿ ಇದ್ದರೆ, ಪೆಟ್ಟಿಗೆ ಬಿಚ್ಚುವುದಕ್ಕೂ ಮೊದಲು ಅಲ್ಲಿನ ಕುರ್ಚಿ, ಮೇಜುಗಳನ್ನು ಕಂಬಿಯಿಂದ ದೂರ ಸರಿಸಿ, ಬಾಗಿಲಿಗೆ ಚಿಲಕ ಹಾಕಿಡಿ.